ಅಪ್ಪನ ಜೋಡಿ ನಳಿಗೆ ಬಂದೂಕನ್ನು ರೇಂಜಿಗೆ ತರುವ ಮುನ್ನ

ನಮ್ಮ ಕ್ಲಬ್ಬಿನ ಹಳೇ ಬಂದೂಕುಗಳ ದಿನ ಸಂಕ್ರಾಂತಿ ಕಳೆದ ಮೇಲಿನ ಭಾನುವಾರ. ಆಗ ಕಲಬುರಗಿಯಲ್ಲಿ ಬೆಳಗಿನ ಹೊತ್ತು ತಂಪು, ತೊಗರಿ ರಾಶಿಯೂ ಮುಗಿಯುತ್ತಾ ಬಂದಿರುತ್ತದೆ. ಯಂತ್ರ ಗಾಳಿಗೆ ಎಸೆಯುವ ತಟ್ಟೆಗಳನ್ನು ಹೊಡೆದು ಒಡೆಯುವುದೇ ಆಟ. ಪಕ್ಕಪಕ್ಕ ಎರಡು ನಳಿಗೆ ಇರುವ ಹಳೇ ಬಂದೂಕುಗಳಿಗೆ ಮಾತ್ರ ಅವತ್ತು ಜಾಗ. ಹೆಚ್ಚಿನವು ಅಜ್ಜನಿಂದ, ಅಪ್ಪನಿಂದ ಬಂದವು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿ ನಿಂತಿತು, ಬಂದೂಕು ಅಲ್ಮಾರಿ ಸೇರಿತು. ನನ್ನದು ಅಪ್ಪನದು, ಬರ್ಮಿಂಗ್‌ಹ್ಯಾಮಿನ ಹನ್ನೆರಡು ಬೋರ್. ಬೋರ್ ಅಂದರೆ ನಳಿಗೆಯ ಒಳಗಲದ ಅಳತೆ. ಅಷ್ಟು ವರ್ಷ ಸುಮ್ನೆ ನಿಂತ ಬಂದೂಕಿನಿಂದ ಒಂದೇ ಒಂದು ಈಡು ಹೊಡೆಯುವ ಮುನ್ನ ಅದನ್ನು ಪೂರ್ತಿ ನೋಡಲೇಬೇಕು. ಗುರಿ, ಅಂಕ ಎಲ್ಲಾ ಆಮೇಲೆ.

ಕಾಗದದ ವಿಷಯ ಬೇಗ ಹೇಳುತ್ತೇನೆ. ಬಂದೂಕು ನಿಮ್ಮ ಹೆಸರಿನ ಲೈಸೆನ್ಸಿನಲ್ಲಿರಬೇಕು, ಮೂಲ ಪ್ರತಿ ಜೊತೆಗಿರಬೇಕು. ಅಪ್ಪ ತೀರಿಕೊಂಡು ಹೆಸರು ಬದಲಾಗಿಲ್ಲ ಅಂದರೆ ಬಂದೂಕು ತರಬೇಡಿ, ನೀವೊಬ್ಬರೇ ಬನ್ನಿ. ಚುನಾವಣೆ ಹತ್ತಿರ ಇದ್ದರೆ ಬಂದೂಕನ್ನು ಠಾಣೆಯಲ್ಲಿ ಜಮಾ ಮಾಡಬೇಕಾಗಬಹುದು, ಅದನ್ನೂ ನೋಡಿಕೊಳ್ಳಿ. ಹೊಡೆಯುವುದು ಪರವಾನಗಿ ಇರುವ ರೇಂಜಿನಲ್ಲಿ ಮಾತ್ರ. ಸ್ವಂತ ಹೊಲವಾದರೂ ಅಲ್ಲಿ ಬೇಡ.

ಈಗ ಪರೀಕ್ಷೆ. ಗೇಟಿನ ಹತ್ತಿರ ಮೇಜಿನ ಮೇಲೆ ಕಂಬಳಿ ಹಾಸಿರುತ್ತೇವೆ. ಮೊದಲು ಬಂದೂಕು ತೆರೆದು ಎರಡೂ ನಳಿಗೆ ಖಾಲಿ ಎಂದು ಕಣ್ಣಲ್ಲಿ ನೋಡಿ, ಬೆರಳು ಹಾಕಿಯೂ ನೋಡಿ. ನಳಿಗೆಯ ಕೆಳಗಿನ ಕಟ್ಟಿಗೆ ತುಂಡು ಬಿಚ್ಚಿ, ಬಂದೂಕು ಮುಚ್ಚಿ, ಹಿಡಿಕೆಯ ಕುತ್ತಿಗೆ ಹಿಡಿದು ಮೆಲ್ಲಗೆ ಅಲುಗಾಡಿಸಿ. ಲಟಲಟ ಅಂದರೆ ಕೀಲು ಸವೆದಿದೆ. ಆಮೇಲೆ ನಳಿಗೆ ಬೇರೆ ಮಾಡಿ, ಅದರ ಕೆಳಗಿನ ಕೊಕ್ಕೆಗೆ ಬೆರಳು ಹಾಕಿ ತೂಗುಬಿಡಿ. ಇನ್ನೊಂದು ಕೈಯ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಗುಡಿಯ ಗಂಟೆಯಂತೆ ದನಿ ಎಳೆದರೆ ಎರಡು ನಳಿಗೆ ಕೂಡಿಸಿದ ಬೆಸುಗೆ ಗಟ್ಟಿ ಇದೆ. ಸೀಳಿದ ಗಡಿಗೆಯ ಹಾಗೆ ದಬ್ ಅಂದರೆ ಎಲ್ಲೋ ಬಿಟ್ಟಿದೆ. ಕೊನೆಗೆ ನಳಿಗೆಯನ್ನು ಆಕಾಶಕ್ಕೆ ಹಿಡಿದು ಒಳಗೆ ನೋಡಿ. ಕರಿ ಚುಕ್ಕೆ ತುಕ್ಕಿನ ಗುಂಡಿ. ಬೆಳಕಿನ ಉಂಗುರ ಒಂದು ಕಡೆ ಸೊಟ್ಟಾದರೆ ಹೊರಗಿನಿಂದ ಪೆಟ್ಟು ಬಿದ್ದಿದೆ. ಇವುಗಳಲ್ಲಿ ಒಂದು ಕಂಡರೂ ಅವತ್ತು ಆ ಬಂದೂಕು ಕಂಬಳಿ ಬಿಟ್ಟು ಏಳುವುದಿಲ್ಲ.

ನಳಿಗೆಯ ಮೇಲೆ ಕಟ್ಟಿಗೆಯ ಗೆರೆಯಂತೆ ಅಲೆ ಅಲೆ ಕಾಣುತ್ತದಾ? ಅದು ಡಮಾಸ್ಕಸ್. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೊಸೆದು, ಸುತ್ತಿ, ಬಡಿದು ಮಾಡಿದ್ದು. ಬಹಳಷ್ಟು ಕರಿಮದ್ದಿನ ಕಾಲದವು, ಈಗಿನ ತೋಟಾಕ್ಕೆ ಮಾಡಿದವಲ್ಲ. ಕಣ್ಣಿಗೆ ಅಷ್ಟು ಚೆಂದದ ನಳಿಗೆ ಇನ್ನೊಂದಿಲ್ಲ. ನೋಡಲಿಕ್ಕೆ ಖಂಡಿತ ತನ್ನಿ, ಈಗಿನ ತೋಟಾ ಹಾಕಲು ನಾವು ಬಿಡುವುದಿಲ್ಲ.

ತೋಟಾದಲ್ಲೇ ಜಾಸ್ತಿ ಜನ ತಪ್ಪುತ್ತಾರೆ. ನಾನೂ ತಪ್ಪಿದೆ. ಮೊದಲ ವರ್ಷ ಒಂದು ಅಂಗಡಿಯಲ್ಲಿ ಕೇಳಿದಾಗ, "ಎಲ್ಲಾ ಹನ್ನೆರಡು ಬೋರೇ ಅದಾವ್ರೀ ಅಕ್ಕಾರ, ಒಯ್ರಿ" ಎಂದು 70 ಮಿಲಿಮೀಟರಿನವು ಕೊಟ್ಟರು. ಅಪ್ಪನ ಬಂದೂಕಿನಲ್ಲಿ ತೋಟಾ ಕೂರುವ ಕೋಣೆ ಎರಡೂವರೆ ಇಂಚಿನದು, ಅದಕ್ಕೆ 65 ಮಿಲಿಮೀಟರಿನ ತೋಟಾ. ತೋಟಾ ಸಲೀಸಾಗಿ ಕೂತಿತು. ತೋಟಾದ ಮೇಲೆ ಬರೆದ ಅಳತೆ ಅದು ಸಿಡಿದು ಬಾಯಿ ಬಿಚ್ಚಿದ ಮೇಲಿನದು ಎಂಬುದು ನನಗೆ ಗೊತ್ತಿರಲಿಲ್ಲ. ಬಿಚ್ಚಿದ ಬಾಯಿಗೆ ಜಾಗ ಸಾಲದೆ ಒತ್ತಡ ಏರಿತು. ಭುಜ ಎರಡು ವಾರ ನೀಲಿಯಾಗಿತ್ತು, ಕೀಲು ಸಡಿಲಾಯಿತು. ಬಂದೂಕು ಒಡೆಯದೇ ಉಳಿದದ್ದು ನನ್ನ ಪುಣ್ಯ. ಹಾಗಾಗಿ ನಳಿಗೆಯ ಬುಡದ ಮುದ್ರೆ ಓದಿ. ಮುದ್ರೆ ಸವೆದಿದ್ದರೆ ಬಂದೂಕು ಕೆಲಸ ಬಲ್ಲವರ ಹತ್ತಿರ ಅಳತೆ ಮಾಡಿಸಿ. ಹಳೇ ಬಂದೂಕಿಗೆ 24 ಗ್ರಾಂ ಛರ್ರಾ (ಸಣ್ಣ ಸಣ್ಣ ಗುಂಡು) ಇರುವ ಹಗುರ ತೋಟಾ ಸಾಕು, ತಟ್ಟೆ ಒಡೆಯಲು ಬೇರೇನೂ ಬೇಡ. 20 ಬೋರಿನ ತೋಟಾ ಜೇಬಿನಲ್ಲಿ ಇರಲೇಬಾರದು. ಅದು ಸಪೂರ, ಹನ್ನೆರಡರ ನಳಿಗೆಯಲ್ಲಿ ಜಾರಿ ಒಳಗೆ ಸಿಕ್ಕಿಕೊಳ್ಳುತ್ತದೆ. ಕಾಣದೆ ಹಿಂದೆ ಇನ್ನೊಂದು ಹಾಕಿ ಹೊಡೆದರೆ ನಳಿಗೆ ಸೀಳುತ್ತದೆ.

ಮಣ್ಣಿನ ತಟ್ಟೆ ಅಂತ ಕರೆದರೂ ಅದರಲ್ಲಿ ಮಣ್ಣಿಲ್ಲ. ಸುಣ್ಣದ ಕಲ್ಲಿನ ಪುಡಿ ಮತ್ತು ಡಾಂಬರಿನಂಥ ಅಂಟು. ನಮ್ಮ ಸೇಡಂ, ವಾಡಿ ಕಡೆ ಸಿಮೆಂಟಿಗೆ ಹೋಗುತ್ತದಲ್ವಾ, ಆ ಸುಣ್ಣದ ಕಲ್ಲೇ. ಅಗಲ 110 ಮಿಲಿಮೀಟರ್. ಪೆಟ್ಟಿಗೆ ಬಿಸಿಲಿಗಿಟ್ಟರೆ ಮೆತ್ತಗಾಗಿ ಒಂದಕ್ಕೊಂದು ಅಂಟುತ್ತವೆ, ನೆರಳಲ್ಲಿಡಿ. ಯಂತ್ರವನ್ನು ಉತ್ತರಕ್ಕೆ ಮುಖ ಮಾಡಿ ಇಡಿ, ಸೂರ್ಯ ಕಣ್ಣಿಗೆ ಹೊಡೆಯುವುದಿಲ್ಲ. ಸಣ್ಣ ಛರ್ರಾ ಸುಮಾರು 200 ಮೀಟರ್ ಹೋಗಿ ಬೀಳುತ್ತದೆ. ನಾವು 300 ಮೀಟರ್ ಖಾಲಿ ಇಟ್ಟು, ದನ ಕಾಯುವವರಿಗೆ ಹಿಂದಿನ ದಿನವೇ ಹೇಳಿ ಬರುತ್ತೇವೆ. ನಡುವೆ ನವಿಲು ಬಂದರೆ ಆಟ ನಿಲ್ಲುತ್ತದೆ.

ಸಾಲಿನಲ್ಲಿ ನಿಲ್ಲುವವರೆಗೂ ಬಂದೂಕು ತೆರೆದೇ ಇರಲಿ. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ. ಸಾಮಾನ್ಯವಾಗಿ ಮುಂದಿನ ಟ್ರಿಗರ್ ಬಲ ನಳಿಗೆಯದು, ಅದರ ಛರ್ರಾ ಬೇಗ ಹರಡುತ್ತದೆ. ಹಿಂದಿನದು ಎಡದ್ದು, ದೂರಕ್ಕೆ. ದೂರ ಹೋಗುವ ತಟ್ಟೆಗೆ ಮೊದಲು ಬಲ, ತಪ್ಪಿದರೆ ಎಡ. ತಟ್ಟೆಯ ಜೊತೆ ನಳಿಗೆ ಓಡುತ್ತಲೇ ಇರಬೇಕು, ಟ್ರಿಗರ್ ಎಳೆದ ಮೇಲೂ. ನಿಲ್ಲಿಸಿದರೆ ಛರ್ರಾ ಹಿಂದೆ ಬೀಳುತ್ತದೆ. ತೋಟಾ ಸಿಡಿಯದಿದ್ದರೆ ನಳಿಗೆಯನ್ನು ಮುಂದಕ್ಕೇ ಹಿಡಿದು 30 ಸೆಕೆಂಡ್ ಕಾಯಿರಿ. ಸದ್ದು ಪುಸ್ ಅಂದರೆ ಮುಂದಿನ ತೋಟಾ ಹಾಕಬೇಡಿ, ತೋಟಾದೊಳಗೆ ಮದ್ದು ಮತ್ತು ಛರ್ರಾದ ನಡುವೆ ಇರುವ ಬಿರಡೆ ನಳಿಗೆಯಲ್ಲಿ ಸಿಕ್ಕಿರಬಹುದು.

ಹತ್ತು ಗಂಟೆಗೆ ಮುಗಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಆದರೆ ಊಟಕ್ಕೆ ಮೊದಲು ನಳಿಗೆ ಒರೆಸಿ, ತೆಳ್ಳಗೆ ಎಣ್ಣೆ ಹಚ್ಚಿ. ಮನೆಯಲ್ಲಿ ಆ ರಾತ್ರಿ ನಳಿಗೆ ಕೆಳಗೆ ಮಾಡಿ ನಿಲ್ಲಿಸಿ, ಎಣ್ಣೆ ಕಟ್ಟಿಗೆಗೆ ಇಳಿಯುವುದಿಲ್ಲ. ಅಪ್ಪ ವರ್ಷಗಟ್ಟಲೆ ಮೇಲ್ಮುಖ ನಿಲ್ಲಿಸಿದ್ದರು. ಹಿಡಿಕೆಯ ಕುತ್ತಿಗೆ ಕರ್ರಗಾಗಿ, ಉಗುರು ಇಳಿಯುವಷ್ಟು ಮೆತ್ತಗಾಗಿತ್ತು. ನಮ್ಮೂರ ಬಡಿಗೇರ ಕಾಕಾ ಸೀಮೆಸುಣ್ಣದ ಪುಡಿ ಮೆತ್ತಿ, ದಿನಾ ಒರೆಸಿ, ಮತ್ತೆ ಮೆತ್ತಿ, ಎಂಟು ದಿನದಲ್ಲಿ ಆ ಎಣ್ಣೆ ಹೀರಿಸಿ ಕೊಟ್ಟರು.