ಸುರಿನಾಮ್: ಕೈ ಬಿಗಿ ಹಿಡಿದು ಸುತ್ತುವ ಬಗೆ

ದಕ್ಷಿಣ ಅಮೆರಿಕದ ಸ್ವತಂತ್ರ ದೇಶಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಸುರಿನಾಮ್. ವಿಸ್ತೀರ್ಣ ಸುಮಾರು 1.63 ಲಕ್ಷ ಚದರ ಕಿ.ಮೀ., ಅಂದರೆ ಕರ್ನಾಟಕಕ್ಕಿಂತ ಸ್ವಲ್ಪ ಕಡಿಮೆ. ಜನಸಂಖ್ಯೆ ಮಾತ್ರ ಬರೀ 6 ಲಕ್ಷದ ಆಸುಪಾಸು, ಹುಬ್ಬಳ್ಳಿ-ಧಾರವಾಡ ಅವಳಿ ನಗರದಷ್ಟೂ ಇಲ್ಲ. ದೇಶದ ಹತ್ತರಲ್ಲಿ ಒಂಬತ್ತು ಪಾಲು ಕಾಡು. ಬಹುಪಾಲು ಜನ ಇರುವುದು ಅಟ್ಲಾಂಟಿಕ್ ಕರಾವಳಿಯ ಕಿರಿದಾದ ಪಟ್ಟಿಯಲ್ಲಿ. ಖರ್ಚಿನ ಲೆಕ್ಕ ನಿಂತಿರುವುದೂ ಇದರ ಮೇಲೆಯೇ: ರಾಜಧಾನಿ ಪರಮರಿಬೊ ಮತ್ತು ಕರಾವಳಿಯನ್ನು ಅಗ್ಗದಲ್ಲಿ ನೋಡಬಹುದು, ಒಳನಾಡಿಗೆ ಹೊರಟರೆ ದುಡ್ಡು ಕರಗುತ್ತದೆ. ನೆದರ್ಲೆಂಡ್ಸ್ ಪ್ರವಾಸಿಗರನ್ನು ನೆಚ್ಚಿಕೊಂಡ ಪ್ಯಾಕೇಜುಗಳ ಬೆಲೆ ಯೂರೋದಲ್ಲೇ ಇರುತ್ತದೆ. ಊರಿನವರು ಹತ್ತುವ ಬಸ್ಸು, ಊರಿನವರು ಹತ್ತುವ ದೋಣಿ ಹಿಡಿದರೆ ಅದೇ ಜಾಗಕ್ಕೆ ಅದರ ಒಂದು ಸಣ್ಣ ಪಾಲಿನಲ್ಲಿ ಹೋಗಿಬರಬಹುದು.

ಹೊರಡುವ ಮೊದಲು ಮರೆಯಲೇಬಾರದ್ದು ಹಳದಿ ಜ್ವರದ ಲಸಿಕೆ. ಸುರಿನಾಮ್ ಹಳದಿ ಜ್ವರದ ಅಪಾಯವಿರುವ ದೇಶಗಳ ಪಟ್ಟಿಯಲ್ಲಿದೆ. ಲಸಿಕೆಯ ಪ್ರಮಾಣಪತ್ರವಿಲ್ಲದೆ ಅಲ್ಲಿಂದ ನೇರವಾಗಿ ಭಾರತಕ್ಕೆ ಮರಳಿದರೆ ವಿಮಾನ ನಿಲ್ದಾಣದಿಂದ ಮನೆಗೆ ಬಿಡುವುದಿಲ್ಲ, 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಪ್ರಮಾಣಪತ್ರಕ್ಕೆ ಮಾನ್ಯತೆ ಬರುವುದು ಚುಚ್ಚಿಸಿಕೊಂಡ 10 ದಿನಗಳ ನಂತರ, ಆಮೇಲೆ ಜೀವನಪೂರ್ತಿ. ಹಾಗಾಗಿ ಕೊನೆಯ ವಾರಕ್ಕೆ ಬಿಡಬೇಡಿ. ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ ಹಾಕಿಸಿ. ವೀಸಾ ಮತ್ತು ಪ್ರವೇಶ ಶುಲ್ಕದ ನಿಯಮಗಳು ಆಗಾಗ ಬದಲಾಗಿವೆ, ಟಿಕೆಟ್ ಕೊಳ್ಳುವ ದಿನ ಸುರಿನಾಮ್ ಸರ್ಕಾರದ ಅಧಿಕೃತ ತಾಣದಲ್ಲೇ ನೋಡಿ. ಆಮ್‌ಸ್ಟರ್‌ಡಾಮ್ ಮೂಲಕ ಹೋಗುವವರು ಇಡೀ ದಾರಿಗೆ ಒಂದೇ ಟಿಕೆಟ್ ಮಾಡಿಸುವುದು ಒಳ್ಳೆಯದು. ಎರಡು ಬೇರೆ ಟಿಕೆಟ್ ಮಾಡಿಸಿ, ನಡುವೆ ಲಗೇಜು ಬಿಡಿಸಿಕೊಂಡು ಮತ್ತೆ ಕೊಡಬೇಕಾಗಿ ಬಂದರೆ ಯುರೋಪಿನ ಷೆಂಗೆನ್ ವೀಸಾ ಬೇಕಾಗುತ್ತದೆ. ಅಗ್ಗವೆಂದುಕೊಂಡದ್ದು ದುಬಾರಿಯಾಗುವುದು ಇಲ್ಲೇ.

ಹೋಗಲು ಒಳ್ಳೆಯ ಕಾಲ ಎರಡು: ಫೆಬ್ರವರಿಯಿಂದ ಏಪ್ರಿಲ್ ನಡುವಿನವರೆಗೆ, ಮತ್ತೆ ಆಗಸ್ಟ್ ನಡುವಿನಿಂದ ನವೆಂಬರ್‌ವರೆಗೆ. ಎರಡನೆಯದು ಹೆಚ್ಚು ಒಣ. ಆದರೆ ಅಕ್ಟೋಬರ್, ನವೆಂಬರ್ ಹೊತ್ತಿಗೆ ಒಳನಾಡಿನ ನದಿಗಳಲ್ಲಿ ನೀರು ಇಳಿದು ಬಂಡೆಗಳು ಮೇಲೇಳುತ್ತವೆ, ದೋಣಿ ಪ್ರಯಾಣ ನಿಧಾನವಾಗುತ್ತದೆ. ಕರೆಂಟು 127 ವೋಲ್ಟ್. ಮೊಬೈಲ್ ಚಾರ್ಜರಿಗೆ ತೊಂದರೆಯಿಲ್ಲ, ನಮ್ಮ ದುಂಡು ಕಡ್ಡಿಯ ಎರಡು ಪಿನ್ನಿನ ಪ್ಲಗ್ ಅಲ್ಲಿ ಸಾಮಾನ್ಯವಾಗಿ ಕೂರುತ್ತದೆ. ಆದರೆ ಇಲ್ಲಿಂದ ಒಯ್ದ 230 ವೋಲ್ಟಿನ ಕೆಟಲಿನಲ್ಲಿ ನೀರು ಕುದಿಯಲು ಮೂರ್ನಾಲ್ಕು ಪಟ್ಟು ಹೊತ್ತು ಹಿಡಿಯುತ್ತದೆ. ಅದನ್ನು ಮನೆಯಲ್ಲೇ ಬಿಡಿ.

ವಿಮಾನ ಇಳಿಯುವುದು ಝಂಡರೈ ಎಂಬಲ್ಲಿ, ಊರಿನಿಂದ ಸುಮಾರು 45 ಕಿ.ಮೀ. ದೂರ. ರಾತ್ರಿ ಇಳಿದರೆ ಒಂಟಿ ಟ್ಯಾಕ್ಸಿಗೆ ತೆರುವುದಕ್ಕಿಂತ ಹಲವರು ಹಂಚಿಕೊಳ್ಳುವ ವ್ಯಾನನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಸುರಿನಾಮ್ ಡಾಲರಿನ ಬೆಲೆ ಏರಿಳಿಯುತ್ತಲೇ ಇರುತ್ತದೆ. ಯೂರೋ ಅಥವಾ ಅಮೆರಿಕನ್ ಡಾಲರ್ ನೋಟು ಒಯ್ದು, ‘ಕಾಂಬಿಯೊ’ ಎಂಬ ಬೋರ್ಡಿನ ಅಂಗಡಿಗಳಲ್ಲಿ ಎರಡು ಮೂರು ದಿನಕ್ಕೆ ಬೇಕಾದಷ್ಟೇ ಬದಲಿಸಿ. ಹರಿದ, ಬರೆದ ನೋಟನ್ನು ಬೇಡವೆನ್ನುತ್ತಾರೆ.

ಪರಮರಿಬೊದ ಹಳೆ ಊರು ಪೂರ್ತಿ ಕಾಲ್ನಡಿಗೆಯದು. ಇಟ್ಟಿಗೆ ಬುನಾದಿಯ ಮೇಲೆ ಬಿಳಿ ಬಣ್ಣದ ಮರದ ಮನೆಗಳು. 2002ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಕೈಝರ್‌ಸ್ಟ್ರಾಟ್ ಬೀದಿಯಲ್ಲಿ ಯಹೂದಿಗಳ ಮಂದಿರವೂ ಮಸೀದಿಯೂ ಅಕ್ಕಪಕ್ಕದಲ್ಲೇ ನಿಂತಿವೆ. ಭಾನುವಾರ ಪೇಟೆ ಬಾಗಿಲು ಹಾಕಿರುತ್ತದೆ, ಆದರೆ ಬೆಳಿಗ್ಗೆ ಬೇಗ ಸ್ವಾತಂತ್ರ್ಯ ಚೌಕಕ್ಕೆ ಹೋಗಿ. ಗಂಡಸರು ಪುಟ್ಟ ಪಂಜರಗಳನ್ನು ಹಿಡಿದು ತಂದು, ಹಕ್ಕಿಗಳ ಹಾಡಿನ ಪಂದ್ಯ ನಡೆಸುತ್ತಾರೆ. ಟಿಕೆಟ್ಟಿಲ್ಲ. ಮಾತು ತಗ್ಗಿಸಿ, ಪಂಜರದಿಂದ ದೂರ ನಿಲ್ಲಿ.

ನಗರದ ಖಾಸಗಿ ಮಿನಿಬಸ್ಸುಗಳು ತುಂಬಿದ ಮೇಲೇ ಹೊರಡುತ್ತವೆ. ಮೈಮೇಲೆ ಬಣ್ಣದ ಚಿತ್ರಗಳಿರುವ ಬಸ್ಸುಗಳು ಇವೇ, ಹಿಂದಿ ಸಿನಿಮಾ ತಾರೆಯರೂ ಅಲ್ಲಿರುತ್ತಾರೆ. ಸಂಜೆಯಾಗುತ್ತಿದ್ದಂತೆ ಸಂಖ್ಯೆ ಇಳಿಯುತ್ತದೆ. ಹೊರವಲಯಕ್ಕೆ ಹೋದವರು ಕೊನೆಯ ಬಸ್ಸು ಎಷ್ಟು ಹೊತ್ತಿಗೆಂದು ಹೋಗುವಾಗಲೇ ಚಾಲಕರನ್ನು ಕೇಳಿಕೊಳ್ಳಬೇಕು. ವಾಹನ ಓಡುವುದು ನಮ್ಮಂತೆ ಎಡಗಡೆಯಲ್ಲಿ, ರಸ್ತೆ ದಾಟುವ ಅಭ್ಯಾಸ ಬದಲಿಸಬೇಕಿಲ್ಲ.

ಮಾತಿನಲ್ಲಿ ಒಂದು ಎಚ್ಚರ. ಕಚೇರಿ ಭಾಷೆ ಡಚ್, ಅದರಲ್ಲಿ ‘ಇಂಡಿಯಾನ್’ ಎಂದರೆ ಅಲ್ಲಿನ ಮೂಲನಿವಾಸಿ. ನೀವು ‘ಇಂಡಿಯನ್’ ಎಂದು ಪರಿಚಯ ಹೇಳಿಕೊಂಡರೆ ಎದುರಿಗಿರುವವರು ಗೊಂದಲಕ್ಕೆ ಬೀಳಬಹುದು. ‘ಇಕ್ ಕೋಮ್ ಔಟ್ ಇಂಡಿಯಾ’, ಅಂದರೆ ಭಾರತದಿಂದ ಬಂದವನು ಅಥವಾ ಬಂದವಳು, ಎನ್ನಿ. ಅಲ್ಲಿನ ಭಾರತ ಮೂಲದವರು ತಮ್ಮನ್ನು ಹಿಂದೂಸ್ತಾನಿ ಎಂದು ಕರೆದುಕೊಳ್ಳುತ್ತಾರೆ. 1873ರ ಜೂನ್ 5ರಂದು ‘ಲಾಲಾ ರೂಖ್’ ಹಡಗು ಮೊದಲ ತಂಡವನ್ನು ಕಲ್ಕತ್ತೆಯಿಂದ ತಂದಿಳಿಸಿತು. 1916ರವರೆಗೆ ಸುಮಾರು 34,000 ಜನ ಐದು ವರ್ಷದ ಕರಾರಿನ ಕೂಲಿಗಳಾಗಿ ಬಂದರು. ಹೆಚ್ಚಿನವರು ಈಗಿನ ಉತ್ತರ ಪ್ರದೇಶ, ಬಿಹಾರದ ಕಡೆಯವರು. ಅವರ ಮಾತು ಸರ್ನಾಮಿ, ಭೋಜ್‌ಪುರಿ, ಅವಧಿ ಭಾಷೆಗಳಿಂದ ಬೆಳೆದದ್ದು. ಹಿಂದಿ ಬಲ್ಲವರಿಗೆ ಅರ್ಧಕ್ಕರ್ಧ ಹಿಡಿತಕ್ಕೆ ಸಿಗುತ್ತದೆ. ಬೀದಿಯಲ್ಲಿ ಎಲ್ಲರನ್ನೂ ಬೆಸೆಯುವುದು ಸ್ರನನ್ ತೋಂಗೊ: ‘ಫಾ ವಾಕಾ?’ ಎಂದರೆ ಹೇಗಿದ್ದೀರಿ, ‘ಒಮೆನಿ?’ ಎಂದರೆ ಎಷ್ಟು, ‘ಗ್ರಾಂತಾಂಗಿ’ ಎಂದರೆ ಧನ್ಯವಾದ.

ಊಟಕ್ಕೆ ಹೋಟೆಲಿನ ಮೆನು ಬಿಡಿ. ರೊಟ್ಟಿ ಅಂಗಡಿ, ಜಾವಾ ಮೂಲದವರ ಪುಟ್ಟ ಖಾನಾವಳಿ ‘ವಾರುಂಗ್’, ನದಿಯಂಚಿನ ಸೆಂಟ್ರಲ್ ಮಾರುಕಟ್ಟೆ, ಈ ಮೂರರಲ್ಲೇ ಹೊಟ್ಟೆ ತುಂಬುತ್ತದೆ. ಬೀದಿಯಲ್ಲಿ ‘ಬಾರಾ’ ಕಂಡರೆ ನಿಲ್ಲಿ. ಉದ್ದಿನ ಹಿಟ್ಟಿಗೆ ಮೈದಾ, ಬೆಳ್ಳುಳ್ಳಿ, ಜೀರಿಗೆ ಸೇರಿಸಿ, ನಮ್ಮ ಕೆಸುವಿನ ಬಳಗದ ತಾಯರ್ ಎಲೆಯನ್ನು ಸಣ್ಣಗೆ ಹೆಚ್ಚಿ ಹಾಕಿ, ಹಿಟ್ಟು ಉಬ್ಬಿದ ಮೇಲೆ ಅಂಗೈಯಲ್ಲಿ ತಟ್ಟಿ, ನಡುವೆ ತೂತು ಮಾಡಿ ಕರಿಯುತ್ತಾರೆ. ಹೊರಗೆ ಗರಿಗರಿ, ಒಳಗೆ ಬ್ರೆಡ್ಡಿನಂಥ ಮೆತು, ಅಲ್ಲಲ್ಲಿ ಹಸಿರು ಎಳೆ. ಉದ್ದಿನ ವಡೆ ತಿಂದು ಬೆಳೆದ ನಾಲಿಗೆಗೆ ಇದು ತೀರ ಅಪರಿಚಿತವಲ್ಲ. ಜೊತೆಗೆ ಕೊಡುವ ಚಟ್ನಿಯನ್ನು ಮೊದಲು ತುದಿ ಬೆರಳಲ್ಲಿ ನೋಡಿ: ‘ಮದಾಮ್ ಜನೆಟ್’ ಎಂಬ ಹಳದಿ ಮೆಣಸಿನಕಾಯಿಯ ಮುಂದೆ ಬ್ಯಾಡಗಿಯ ಲೆಕ್ಕ ನಡೆಯದು.

ಸಸ್ಯಾಹಾರಿಗಳು ಕೇಳುವ ರೀತಿ ಮುಖ್ಯ. ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಕೋಳಿಯೋ ಮೀನೋ ತಟ್ಟೆಗೆ ಬರಬಹುದು. ಒಂದೊಂದನ್ನೂ ಹೆಸರಿಸಿ: ‘ಖೇನ್ ವ್ಲೇಸ್, ಖೇನ್ ಕಿಪ್, ಖೇನ್ ವಿಸ್’. ಮೊಟ್ಟೆ ಬೇಡದವರು ‘ಖೇನ್ ಐ’ ಸೇರಿಸಿ, ಏಕೆಂದರೆ ರೊಟ್ಟಿಯ ತಟ್ಟೆಯಲ್ಲಿ ಬೇಯಿಸಿದ ಮೊಟ್ಟೆ ಮಾಮೂಲು. ಆಲೂಗಡ್ಡೆಯನ್ನು ಕೋಳಿಯ ಮಸಾಲೆಯಲ್ಲೇ ಬೇಯಿಸಿರುವುದುಂಟು, ಬೇರೆ ಪಾತ್ರೆಯದೇ ಎಂದು ಕೇಳಿ. ಬೇಳೆ ತುಂಬಿದ ರೊಟ್ಟಿ, ಉದ್ದನೆಯ ಅಲಸಂದೆಕಾಯಿಯ ಪಲ್ಯ, ‘ಸೊಪ್ರೊಪೊ’ ಅಂದರೆ ಹಾಗಲಕಾಯಿ ಸಿಕ್ಕರೆ ಊಟ ಜೋರು. ಬ್ಲೌಖ್ರೊಂಡ್ ಬಡಾವಣೆಯ ವಾರುಂಗ್‌ಗಳಲ್ಲಿ ಸೋಯಾ ಕಾಳು ಹುದುಗಿಸಿ ಮಾಡಿದ ತೆಂಪೆ, ತೋಫು, ಕಡಲೆಕಾಯಿ ಸಾರಿನ ‘ಪೆಚೆಲ್’ ಸಿಗುತ್ತವೆ. ಆ ಸಾರಿಗೆ ಸಿಗಡಿ ಹುದುಗಿಸಿದ ‘ತ್ರಾಸಿ’ ಹಾಕಿರಬಹುದು, ಅದನ್ನೂ ಕೇಳಿ.

ಒಂದು ದಿನವನ್ನು ನದಿಯಾಚೆಯ ಕೊಮೆವೈನ ಜಿಲ್ಲೆಗೆ ಇಡಿ. ಸೈಕಲ್ ಬಾಡಿಗೆಗೆ ಪಡೆದು ಲಿಯೊನ್ಸ್‌ಬರ್ಖ್ ಕಟ್ಟೆಗೆ ಹೋಗಿ, ಸೈಕಲ್ ಸಮೇತ ದೋಣಿಯಲ್ಲಿ ನ್ಯೂ ಆಮ್‌ಸ್ಟರ್‌ಡಾಮ್ ಕೋಟೆಗೆ ದಾಟಿ. ದೊಡ್ಡ ಸೇತುವೆಯ ಗೋಜು ಬೇಡ, ಏರು ಕಡಿದು, ವಾಹನಗಳೂ ಹೆಚ್ಚು. ಬೆಳಿಗ್ಗೆ ಏಳಕ್ಕೇ ಹೊರಡಿ. ಹನ್ನೊಂದರ ಮೇಲೆ ಬಿಸಿಲು ಬಳಲಿಸುತ್ತದೆ. ಒಬ್ಬೊಬ್ಬರಿಗೂ ಎರಡು ಲೀಟರ್ ಕುಡಿಯುವ ನೀರು ಇರಲಿ. ನೆಲ ಸಮತಟ್ಟು, ತುಳಿಯಲು ಕಷ್ಟವಿಲ್ಲ. ಮುಂದೆ ಮರಿಯೆನ್‌ಬುರ್ಖ್ ಬರುತ್ತದೆ: 1882ರಲ್ಲಿ ಶುರುವಾದ ಸಕ್ಕರೆ ಕಾರ್ಖಾನೆ ತುಕ್ಕು ಹಿಡಿದು, ಬಳ್ಳಿ ಹಬ್ಬಿ ನಿಂತಿದೆ. 1902ರ ಜುಲೈನಲ್ಲಿ ಕೂಲಿಯ ತಕರಾರಿನಿಂದ ಕೆಲಸಗಾರರು ದಂಗೆಯೆದ್ದಾಗ ಸೈನಿಕರ ಗುಂಡಿಗೆ 17 ಜನ ಸ್ಥಳದಲ್ಲೇ ಬಲಿಯಾದರು. ಅವರ ಸ್ಮಾರಕ ಅಲ್ಲಿದೆ. ಒಳಗೆ ತಗಡು ಸಡಿಲ, ನೆಲದಲ್ಲಿ ಹೊಂಡಗಳು. ಒಬ್ಬರೇ ನುಗ್ಗದೆ ಸ್ಥಳೀಯರೊಬ್ಬರನ್ನು ಕರೆದುಕೊಂಡು ಹೋಗಿ, ಅವರಿಗೆ ದುಡ್ಡು ಕೊಡಿ.

ಒಳನಾಡಿಗೆ ಅಗ್ಗದ ದಾರಿ ಸುರಿನಾಮ್ ನದಿಯ ಮೇಲ್ಭಾಗ. ಸರಮಕ್ಕಾಸ್ಟ್ರಾಟ್ ಬೀದಿಯಿಂದ ಬೆಳಗಿನ ಬಸ್ಸಿನಲ್ಲಿ ಅಟ್ಯೋನಿಗೆ ಹೋಗಿ; ಸುಮಾರು ನಾಲ್ಕು ಗಂಟೆಯ ದಾರಿ, ರಸ್ತೆ ಮುಗಿಯುವುದೇ ಅಲ್ಲಿ. ಅಲ್ಲಿಂದ ಹಳ್ಳಿಗಳಿಗೆ ‘ಕೊರ್ಯಾಲ್’ ಎಂಬ ಉದ್ದನೆಯ ಮೋಟಾರು ದೋಣಿ. ತಡವಾಗಿ ಹೋದರೆ ಊರಿನವರು ಹತ್ತುವ ದೋಣಿ ತಪ್ಪಿ, ಇಡೀ ದೋಣಿಯನ್ನೇ ಬಾಡಿಗೆಗೆ ಹಿಡಿಯಬೇಕಾಗುತ್ತದೆ. ಪ್ಯಾಕೇಜು ಬಿಟ್ಟು ಉಳಿಸಿದ್ದೆಲ್ಲ ಅಲ್ಲಿಗೆ ಹೋಯಿತು. ಎರಚುವ ನೀರಿಗೆ ಬ್ಯಾಗನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ. ತೂಗುಮಂಚ, ಸೊಳ್ಳೆಪರದೆ, ಟಾರ್ಚು, ಚಿಲ್ಲರೆ ನೋಟು, ಅಕ್ಕಿ-ಬೇಳೆ ಪಟ್ಟಣದಿಂದಲೇ ಒಯ್ಯಿರಿ; ಅಲ್ಲಿ ಎಟಿಎಂ ಇಲ್ಲ. ಮಲೇರಿಯಾ ಬಗ್ಗೆ ಹೊರಡುವ ಮುನ್ನ ವೈದ್ಯರನ್ನು ಕೇಳಿ.

ಈ ಹಳ್ಳಿಗಳು ಸಾಮಾಕರವು, ತೋಟಗಳ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಕಾಡಿನಲ್ಲಿ ಸ್ವತಂತ್ರವಾಗಿ ಬಾಳು ಕಟ್ಟಿಕೊಂಡವರ ಪೀಳಿಗೆ. 1960ರ ದಶಕದಲ್ಲಿ ಅಫೊಬಾಕಾ ಅಣೆಕಟ್ಟಿನ ನೀರಿಗೆ ಇವರ ಎಷ್ಟೋ ಊರುಗಳು ಮುಳುಗಿದವು. ಊರ ಬಾಗಿಲಲ್ಲಿ ಒಣ ತಾಳೆಗರಿಯ ತೋರಣ ಕಟ್ಟಿರುತ್ತಾರೆ, ಕೆಟ್ಟದ್ದು ಒಳಗೆ ಬರದಿರಲೆಂದು. ಸುತ್ತಿ ಹೋಗದೆ ಅದರಡಿಯಲ್ಲೇ ನಡೆಯಿರಿ. ಮೊದಲು ಊರ ಮುಖ್ಯಸ್ಥರಾದ ‘ಕಬಿತೆನ್’ ಅವರನ್ನು ಕಂಡು ಒಪ್ಪಿಗೆ ಪಡೆಯಿರಿ. ಜನರ ಫೋಟೊ ಕೇಳಿಯೇ ತೆಗೆಯಿರಿ, ಪೂಜಾಸ್ಥಳಗಳದ್ದು ತೆಗೆಯಲೇಬೇಡಿ. ಹೆಂಗಸರು ಸೊಂಟಕ್ಕೆ ‘ಪಾಂಗಿ’ ಬಟ್ಟೆ ಸುತ್ತಿಕೊಂಡರೆ ಊರವರಿಗೆ ಸಮಾಧಾನ. ಮುಟ್ಟಿನ ದಿನಗಳಿಗೆ ಅಲ್ಲಿ ಕಟ್ಟುಪಾಡುಗಳಿವೆ. ಎಲ್ಲಿ ಓಡಾಡಬಹುದು, ಎಲ್ಲಿ ಬೇಡ ಎಂಬುದನ್ನು ಇಳಿದ ಮನೆಯ ಹೆಂಗಸರಲ್ಲಿ ಮೆಲ್ಲಗೆ ವಿಚಾರಿಸಿಕೊಳ್ಳಿ.

ಎರಡು ರಾತ್ರಿಯಾದರೂ ಉಳಿಯಿರಿ, ಒಂದೇ ರಾತ್ರಿಗೆ ಪ್ರಯಾಣದ ದಣಿವೂ ಇಳಿಯದು. ಮರಳುವ ದೋಣಿ ಅಟ್ಯೋನಿಯ ಬಸ್ಸಿಗೆ ಸರಿಹೊಂದುವಂತೆ ನಸುಕಿನಲ್ಲೇ ಹೊರಡಬಹುದು. ಹಿಂದಿನ ಸಂಜೆಯೇ ದೋಣಿಯವರನ್ನು ಮಾತಾಡಿಸಿ, ಯಾವ ಕಟ್ಟೆಯಲ್ಲಿ ನಿಲ್ಲಬೇಕೆಂದು ಕೇಳಿ, ಚೀಲ ಕಟ್ಟಿಟ್ಟು ಮಲಗಿ.