ದೊಡ್ಡ ಮಕ್ಕಳ ಜೊತೆ ಕಾರ್ ಪ್ರಯಾಣ: ನಮಗೆ ಒಗ್ಗಿದ ದಾರಿ

ಹೈಸ್ಕೂಲು ದಾಟಿದ ಮಕ್ಕಳು ಕಾರಿನಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡರೆ ಮುಗೀತು, ಪಕ್ಕದಲ್ಲಿದ್ದರೂ ಜೊತೆಗಿಲ್ಲ. ಮೊಬೈಲ್ ಕಿತ್ತುಕೊಂಡರೆ ಮುನಿಸು ಜಾಸ್ತಿ ಆಗುತ್ತದೆ ಅಷ್ಟೇ.

ದಾವಣಗೆರೆಯಿಂದ ಚಿತ್ರದುರ್ಗ, ಹಿರಿಯೂರು ಕಡೆ ಹೊರಟಾಗ ಇಡೀ ದಿನದ ಉಸ್ತುವಾರಿ ಅವರಿಗೇ ಕೊಟ್ಟೆವು. ಮಗಳಿಗೆ ದಾರಿ ಮತ್ತು ಹೊತ್ತು, ಮಗನಿಗೆ ಊಟ ಮತ್ತು ದುಡ್ಡು. ಕೊಟ್ಟ ಮೇಲೆ ಮಧ್ಯೆ ಬಾಯಿ ಹಾಕಬಾರದು, ಅದೇ ಮುಖ್ಯ.

ಕೋಟೆ ತುಂಬಾ ಬಂಡೆ, ಬಿಸಿಲೇರಿದರೆ ಹತ್ತುವುದು ಕಷ್ಟ, ಬೆಣ್ಣೆ ದೋಸೆ ತಿಂದು ಬೇಗ ಹೊರಡೋಣ ಅಂದಿದ್ದು ಮಗಳೇ. ಏಳು ಸುತ್ತಿನ ಕೋಟೆಯಲ್ಲಿ ಮುಂದೆ ನಡೆದವಳೂ ಅವಳೇ. ಓಬವ್ವನ ಕಿಂಡಿ ಹತ್ತಿರ ಮಗ ಬಗ್ಗಿ ನೋಡಿದ. ಇಷ್ಟು ಸಣ್ಣ ಸಂದಿಯಲ್ಲಿ ಒಬ್ಬೊಬ್ಬರಾಗಿಯೇ ನುಸುಳಬೇಕು, ಅದಕ್ಕೇ ಒಂದು ಒನಕೆ ಸಾಕಾಯ್ತು ಅಂತ ನಮಗೇ ವಿವರಿಸಿದ. ಎಷ್ಟು ಖುಷಿಯಾಯ್ತು ಗೊತ್ತಾ!

ನನಗೆ ಚಂದ್ರವಳ್ಳಿ ನೋಡುವ ಆಸೆ ಇತ್ತು. ಅವರು ಅದನ್ನು ಬಿಟ್ಟು, ವೇದಾವತಿ ನದಿಗೆ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರವನ್ನು ಆರಿಸಿಕೊಂಡರು. ಒಪ್ಪಿದೆ. ಅಧಿಕಾರ ಕೊಟ್ಟ ಮೇಲೆ ಒಪ್ಪಲೇಬೇಕು, ಅಲ್ವಾ?

ಖರ್ಚಿಗೆ ಮಾತ್ರ ಮೊದಲೇ ಒಂದು ಮಿತಿ ಹೇಳಿಬಿಡಿ. ಅದರೊಳಗೆ ಏನು ತಿಂದರೂ, ಎಲ್ಲಿ ನಿಲ್ಲಿಸಿದರೂ ಅವರಿಷ್ಟ.