ತಾರಸಿ ಕಾಂಕ್ರೀಟಿಗೆ ನೀರು: ಎಷ್ಟು, ಯಾವಾಗ

ಮನೆ ಕಟ್ಟಿಸುವವರು ಸಿಮೆಂಟಿನ ಬ್ರ್ಯಾಂಡ್ ಮತ್ತು ಕಂಬಿಯ ದರವನ್ನು ವಾರಗಟ್ಟಲೆ ವಿಚಾರಿಸುತ್ತಾರೆ. ಮೋಲ್ಡ್ (ತಾರಸಿಯ ಕಾಂಕ್ರೀಟ್) ಹಾಕುವ ದಿನ ಮಿಕ್ಸರಿಗೆ ಎಷ್ಟು ಬಕೆಟ್ ನೀರು ಬಿತ್ತೆಂದು ಎಣಿಸುವವರು ಮಾತ್ರ ವಿರಳ. ತಾರಸಿ ಸೋರುವುದಕ್ಕೂ ಬಿರುಕು ಬಿಡುವುದಕ್ಕೂ ಬಹಳಷ್ಟು ಸಲ ನೀರಿನ ಲೆಕ್ಕ ತಪ್ಪಿದ್ದೇ ಮೂಲ: ಕಲಸುವಾಗ ಹೆಚ್ಚು, ಹಾಕಿದ ಮೇಲೆ ಕಡಿಮೆ.

ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456:2000 ಸಂಹಿತೆಯ ಪ್ರಕಾರ ಆರ್‌ಸಿಸಿ (ಕಂಬಿ ಕಟ್ಟಿದ ಕಾಂಕ್ರೀಟ್) ಕೆಲಸಕ್ಕೆ ಕನಿಷ್ಠ ಎಂ20 ಎಂಬ ಬಲದ ದರ್ಜೆಯ ಕಾಂಕ್ರೀಟ್ ಬೇಕು. ಮನೆ ಕೆಲಸದಲ್ಲಿ ಇದಕ್ಕೆ ರೂಢಿಯಲ್ಲಿರುವ ಪ್ರಮಾಣ ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ. 50 ಕಿಲೋ ಸಿಮೆಂಟಿನ ಚೀಲವೊಂದರ ಗಾತ್ರ ಸುಮಾರು 35 ಲೀಟರ್. ಅಷ್ಟೇ ಹಿಡಿಯುವ ಅಳತೆ ಪೆಟ್ಟಿಗೆಯೊಂದನ್ನು ಮಾಡಿಸಿಕೊಂಡರೆ ಬಾಂಡ್ಲಿಯಲ್ಲಿ ಅಂದಾಜಿಗೆ ಅಳೆಯುವ ಅಗತ್ಯವಿರುವುದಿಲ್ಲ. ಒದ್ದೆ ಮರಳು ಉಬ್ಬಿಕೊಂಡಿರುವುದರಿಂದ ಅದೇ ಪೆಟ್ಟಿಗೆಯಲ್ಲಿ ಕಡಿಮೆ ಮರಳು ಹಿಡಿಸುತ್ತದೆ ಎಂಬುದನ್ನು ಮರೆಯಬಾರದು.

ಚೀಲವೊಂದಕ್ಕೆ ನೀರು 25ರಿಂದ 27 ಲೀಟರ್ ಸಾಕು. ಮರಳಿನಲ್ಲಿ ತೇವವಿದ್ದರೆ ಅದನ್ನೂ ಇದರಲ್ಲೇ ಕಳೆಯಬೇಕು. ಸಿಮೆಂಟು ರಾಸಾಯನಿಕವಾಗಿ ಹಿಡಿದಿಟ್ಟುಕೊಳ್ಳುವ ನೀರು ಅದರ ತೂಕದ ಕಾಲುಭಾಗಕ್ಕಿಂತಲೂ ಕಡಿಮೆ. ಮಿಕ್ಕಿದ್ದರಲ್ಲಿ ಹೆಚ್ಚಿನ ಪಾಲು ಕಲಸುವ, ಹರಡುವ ಅನುಕೂಲಕ್ಕಾಗಿಯೇ ಹಾಕಿದ್ದು. ಅದು ಆವಿಯಾಗಿ ಹೋದ ಜಾಗದಲ್ಲಿ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ, ಮುಂದೆ ಮಳೆನೀರು ಅದೇ ದಾರಿಯಲ್ಲಿ ಕಂಬಿಯ ತನಕ ಇಳಿಯುತ್ತದೆ. ಮಧ್ಯಾಹ್ನ ಆಳುಗಳ ಕೈ ಸೋತು ಸಲಿಕೆ ಭಾರವಾದಾಗ ಮೇಲಿನಿಂದ ‘ಸ್ವಲ್ಪ ತೆಳು ಮಾಡ್ರೋ’ ಎಂಬ ಕೂಗು ಬಂದೇ ಬರುತ್ತದೆ. ಆ ಹೊತ್ತಿಗೆ ಮಾಲೀಕರು ಮಿಕ್ಸರಿನ ಪಕ್ಕದಲ್ಲಿರಬೇಕು, ಊಟದ ಏರ್ಪಾಟಿನಲ್ಲಲ್ಲ. ಹದ ನಿಜಕ್ಕೂ ಸಾಲದಿದ್ದರೆ ಎಂಜಿನಿಯರ್ ಹೇಳಿದ ಪ್ರಮಾಣದಲ್ಲಿ ಪ್ಲಾಸ್ಟಿಸೈಜರ್ (ನೀರು ಹೆಚ್ಚಿಸದೆ ಹದ ತೆಳುವಾಗಿಸುವ ರಾಸಾಯನಿಕ) ಸೇರಿಸಬಹುದು, ಬರೀ ನೀರನ್ನಲ್ಲ. ಮಿಕ್ಸರ್ ಕನಿಷ್ಠ ಎರಡು ನಿಮಿಷ ತಿರುಗಲಿ.

ಕಾಂಕ್ರೀಟ್ ಸುರಿಯುವ ಮೊದಲು ಸೆಂಟ್ರಿಂಗ್ (ಕಾಂಕ್ರೀಟನ್ನು ಹಿಡಿದಿಡುವ ತಾತ್ಕಾಲಿಕ ಅಚ್ಚು) ಹಲಗೆಗಳ ಸಂದುಗಳನ್ನು ಮುಚ್ಚಬೇಕು. ಅಲ್ಲಿಂದ ಸಿಮೆಂಟು ಹಾಲು ಸೋರಿದ ಕಡೆ ಕೆಳಗೆ ಜೇನುಗೂಡಿನಂಥ ಪೊಳ್ಳು ಕಾಣಿಸುತ್ತದೆ. ಕಂಬಿಯ ಕೆಳಗೆ ಅದನ್ನು ಹಲಗೆಯಿಂದ ಎತ್ತಿಡುವ 20 ಮಿಲಿಮೀಟರ್ ಕವರ್ ಬ್ಲಾಕ್ ಇರಲಿ, ಜಲ್ಲಿ ಚೂರು ಬೇಡ. ಕಾಂಕ್ರೀಟನ್ನು ಒಂದೂವರೆ ಮೀಟರಿಗಿಂತ ಎತ್ತರದಿಂದ ಸುರಿದರೆ ಜಲ್ಲಿ ಬೇರೆ, ಗಾರೆ ಬೇರೆ ಆಗುತ್ತದೆ. ವೈಬ್ರೇಟರ್ ಸೂಜಿಯನ್ನು ನೆಟ್ಟಗೆ ಇಳಿಸಿ, ಗಾಳಿಯ ಗುಳ್ಳೆ ನಿಂತು ಮೇಲ್ಮೈ ಹೊಳೆಯತೊಡಗಿದೊಡನೆ ನಿಧಾನವಾಗಿ ಮೇಲೆತ್ತಬೇಕು. ಸೂಜಿಯಿಂದ ಕಾಂಕ್ರೀಟನ್ನು ಅತ್ತಿತ್ತ ತಳ್ಳುವುದು ಸುಲಭವೆನಿಸಿದರೂ ತಪ್ಪು.

ಇನ್ನು ನೀರು ಧಾರಾಳವಾಗಿ ಬೇಕಾದ ಹಂತ ಕ್ಯೂರಿಂಗ್, ಅಂದರೆ ಹಾಕಿದ ಕಾಂಕ್ರೀಟನ್ನು ಒದ್ದೆಯಾಗಿಡುವುದು. ಮೇಲ್ಮೈ ಗಟ್ಟಿಯಾಗುವ ತನಕ ಒದ್ದೆ ಗೋಣಿಚೀಲ ಅಥವಾ ಪ್ಲಾಸ್ಟಿಕ್ ಹಾಳೆ ಹೊದಿಸಿಟ್ಟು, ಮರುದಿನ ಗದ್ದೆಗೆ ಬದು ಹಾಕಿದಂತೆ ತಾರಸಿಯ ಮೇಲೆ ಸಣ್ಣ ಸಣ್ಣ ಮಡಿ ಕಟ್ಟಿ ಎರಡು ಇಂಚು ನೀರು ನಿಲ್ಲಿಸುವುದು ಉತ್ತಮ ಕ್ರಮ. ಬೆಳಿಗ್ಗೆ ಸಂಜೆ ಪೈಪು ಹಿಡಿದು ಚಿಮುಕಿಸುವುದರಿಂದ ಪ್ರಯೋಜನ ಕಡಿಮೆ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿಗೆ ಆ ಒದ್ದೆ ಒಂದು ಗಂಟೆಯೂ ನಿಲ್ಲುವುದಿಲ್ಲ. ಓಪಿಸಿ (ಸಾಮಾನ್ಯ ಪೋರ್ಟ್‌ಲ್ಯಾಂಡ್) ಸಿಮೆಂಟಿಗೆ ಕನಿಷ್ಠ 7 ದಿನ, ಒಣ ಬೇಸಿಗೆಯಲ್ಲಿ 10 ದಿನ ಕ್ಯೂರಿಂಗ್ ಬೇಕು. ಈಗ ಹೆಚ್ಚಾಗಿ ಬಳಕೆಯಲ್ಲಿರುವ ಪಿಪಿಸಿ (ಹಾರುಬೂದಿಯಂಥ ಪದಾರ್ಥ ಬೆರೆಸಿದ ಸಿಮೆಂಟು) ನಿಧಾನವಾಗಿ ಬಲಗೊಳ್ಳುವುದರಿಂದ ಅದಕ್ಕೆ 14 ದಿನ ನೀರುಣಿಸಬೇಕು.

ಕೆಳಗಿನ ಆಸರೆಗಳನ್ನು ಬಾಡಿಗೆ ಉಳಿಸಲೆಂದು ಬೇಗ ತೆಗೆಯಬಾರದು. ನಾಲ್ಕೂವರೆ ಮೀಟರ್ ವರೆಗಿನ ಅಗಲದ ಕೋಣೆಯ ತಾರಸಿಗೆ ಓಪಿಸಿಯಾದರೆ 7 ದಿನ, ಅದಕ್ಕಿಂತ ಅಗಲವಾದರೆ 14 ದಿನ, ಆರು ಮೀಟರಿಗಿಂತ ಉದ್ದದ ತೊಲೆಗೆ 21 ದಿನ ಕಾಯಬೇಕು. ಪಿಪಿಸಿ ಬಳಸಿದ್ದರೆ ಇನ್ನೆಷ್ಟು ದಿನ ಬಿಡಬೇಕೆಂದು ಎಂಜಿನಿಯರನ್ನು ಕೇಳಿಯೇ ಸೆಂಟ್ರಿಂಗಿನವರಿಗೆ ದಿನ ಹೇಳಿರಿ.